ಹಸಿರು ಸಿಪ್ಪೆಯೊಳಗಿನ ಕಿತ್ತಳೆ: ಕೊಡಗಿನ ಹಣ್ಣನ್ನು ಯಾವ ಅಳತೆಯಲ್ಲಿ ಅಳೆಯಬೇಕು?

ಜುಲೈ ತಿಂಗಳು, ಹೊರಗೆ ಮಳೆ ಸುರಿಯುತ್ತಿತ್ತು. ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗ ಊಟದ ಮೇಜಿನ ಮೇಲಿದ್ದ ಬುಟ್ಟಿ ನೋಡಿ, "ಅತ್ತೆ, ಇದಿನ್ನೂ ಕಾಯಿ ಅಲ್ವಾ?" ಅಂದ. ಬುಟ್ಟಿಯಲ್ಲಿದ್ದದ್ದು ನಮ್ಮ ತೋಟದ ಕಿತ್ತಳೆ. ಮೈ ಮುಕ್ಕಾಲು ಪಾಲು ಹಸಿರು. ಒಂದನ್ನು ಸುಲಿದು ಕೊಟ್ಟೆ. ಒಳಗೆ ತೊಳೆ ಚೆನ್ನಾಗಿ ಬಣ್ಣ ತಿರುಗಿತ್ತು. ಬಾಯಿಗೆ ಹಾಕಿಕೊಂಡು ಒಂದು ಕಣ್ಣು ಮುಚ್ಚಿದ, ಎರಡು ಬೀಜ ಉಗಿದ, ಮತ್ತೆ ಇನ್ನೊಂದು ತೊಳೆಗೆ ಕೈ ಚಾಚಿದ. "ಹುಳಿ ಇದೆ. ಆದ್ರೆ ತಿನ್ನೋಣ ಅನ್ನಿಸುತ್ತೆ."

ಅದೇ ಸಂಜೆ ಕುಶಾಲನಗರಕ್ಕೆ ಹೋದವನು ಒಂದು ಕಿಲೋ ವಿದೇಶಿ ಆರೆಂಜ್ ತಂದ. ಎಲ್ಲ ಒಂದೇ ಗಾತ್ರ, ಒಂದೇ ಬಣ್ಣ, ಎಣ್ಣೆ ಸವರಿದ ಹಾಗೆ ಹೊಳಪು. ಸ್ಟಿಕ್ಕರ್ ಮೇಲೆ ದಕ್ಷಿಣ ಆಫ್ರಿಕಾ ಅಂತ ಇತ್ತು. ಅಷ್ಟು ದೂರದಿಂದ ಹಡಗು ಹತ್ತಿ ಬಂದ ಹಣ್ಣು ಕಿತ್ತಳೆಯ ನಾಡಿನಲ್ಲಿ ಮಾರಾಟವಾಗುತ್ತಿದೆ. ನಮ್ಮ ಹಣ್ಣಿಗೆ ನಮ್ಮ ಮನೆಯ ಮೇಜಿನ ಮೇಲೇ 'ಕಾಯಿ' ಅನ್ನುವ ಹೆಸರು. ಇದರಲ್ಲಿ ಹುಡುಗನ ತಪ್ಪು ಏನೂ ಇಲ್ಲ. ಹಣ್ಣನ್ನು ಕಣ್ಣಿನಿಂದ ಅಳೆಯುವುದನ್ನು ಅಂಗಡಿ ಅವನಿಗೆ ಕಲಿಸಿದೆ. ಕಿತ್ತಳೆ ಜಾತಿಯ ಹಣ್ಣಿನ ಮಟ್ಟಿಗೆ ಕಣ್ಣಿನಷ್ಟು ಮೋಸ ಹೋಗುವ ಸಾಕ್ಷಿ ಇನ್ನೊಂದಿಲ್ಲ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಕೊಡಗಿನ ಕಿತ್ತಳೆ ಮತ್ತು ಆ ಸ್ಟಿಕ್ಕರ್ ಹಣ್ಣು ಅಸಲಿಗೆ ಬೇರೆ ಬೇರೆ ಜಾತಿ. ನಮ್ಮದು ಮ್ಯಾಂಡರಿನ್. ಸಿಪ್ಪೆ ಕೈಯಲ್ಲೇ ಬಿಡುತ್ತದೆ, ತೊಳೆ ತೊಳೆಯಾಗಿ ಬೇರೆಯಾಗುತ್ತದೆ, ನಡುವೆ ಟೊಳ್ಳು. ನಾಗಪುರದ ಸಂತ್ರಾ ಕೂಡ ಇದೇ ಗುಂಪು. ಪಂಜಾಬಿನ ಕಿನ್ನೋ ಎರಡು ಮ್ಯಾಂಡರಿನ್‌ಗಳನ್ನು ಬೆರೆಸಿ ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ತಳಿ. 1935ರಲ್ಲಿ ಅಲ್ಲಿ ಬಿಡುಗಡೆಯಾಯಿತು, ಆಮೇಲೆ ನಮ್ಮ ದೇಶಕ್ಕೆ ಬಂದು ಇಲ್ಲಿಯದೇ ಆಯಿತು.

ಸಿಪ್ಪೆ ಗಟ್ಟಿಯಾಗಿ ಅಂಟಿಕೊಂಡಿರುವ, ಚಾಕು ಕೇಳುವ ಹಣ್ಣು ಸಿಹಿ ಕಿತ್ತಳೆ. ನಾವು ಜ್ಯೂಸ್ ಅಂಗಡಿಯಲ್ಲಿ ಕುಡಿಯುವ ಮೂಸಂಬಿ, ಅನಂತಪುರ ಕಡೆಯ ಸಾತ್ಗುಡಿ, ಉತ್ತರದ ಮಾಲ್ಟಾ, ಹೊರದೇಶದ ವೇಲೆನ್ಸಿಯಾ, ನೇವಲ್, ರಕ್ತಗೆಂಪಿನ ಬ್ಲಡ್ ಆರೆಂಜ್ ಎಲ್ಲ ಇದೇ ಕುಲ. ಚಕ್ಕೋತ ಮತ್ತು ಮ್ಯಾಂಡರಿನ್ ಎಂದೋ ಬೆರೆತು ಹುಟ್ಟಿದ ಸಂತಾನ ಇದು. ಹಾಗಾಗಿ ಸಿಹಿ ಕಿತ್ತಳೆಯಲ್ಲಿ ಚಕ್ಕೋತದ ಗಟ್ಟಿತನ ಸ್ವಲ್ಪ, ಮ್ಯಾಂಡರಿನ್‌ನ ಸಿಹಿ ಸ್ವಲ್ಪ ಉಳಿದಿದೆ. ಮೂಸಂಬಿಯನ್ನು ಕಿತ್ತಳೆ ಅಂತ ಯಾರೂ ಕರೆಯುವುದಿಲ್ಲ. ಅದರ ಸಿಪ್ಪೆ ಹಸಿರು-ಹಳದಿ, ರಸ ತಿಳಿ. ಆದರೂ ವೇಲೆನ್ಸಿಯಾ ಮತ್ತು ಮೂಸಂಬಿ ಒಂದೇ ಮನೆಯ ಮಕ್ಕಳು. ಒಂದಕ್ಕೆ ಹುಳಿ ಇದೆ, ಇನ್ನೊಂದಕ್ಕೆ ಹುಳಿಯೇ ಇಲ್ಲ ಅನ್ನುವಷ್ಟು ಕಡಿಮೆ. ಅಲ್ಲೇ ಇರುವುದು ಇಡೀ ಕಥೆ.

ಬಣ್ಣ ಎಲ್ಲಿಂದ ಬರುತ್ತದೆ

ಕಿತ್ತಳೆ ಮರಕ್ಕೆ ರಾತ್ರಿಯ ಚಳಿ ಬೇಕು. ರಾತ್ರಿ ಸುಮಾರು 13 ಡಿಗ್ರಿಗಿಂತ ಕೆಳಗೆ ಇಳಿದರೆ ಸಿಪ್ಪೆಯ ಹಸಿರು ಒಡೆದು ಕೆಳಗಿನ ಕಿತ್ತಳೆ ಬಣ್ಣ ಮೇಲೆ ಬರುತ್ತದೆ. ಚಳಿ ಬರದಿದ್ದರೆ ಹಣ್ಣು ಒಳಗೆ ಪೂರ್ತಿ ಮಾಗಿದರೂ ಹೊರಗೆ ಹಸಿರಾಗಿಯೇ ಇರುತ್ತದೆ. ಉಷ್ಣವಲಯದ ಎಷ್ಟೋ ಊರುಗಳಲ್ಲಿ ಜನ ತಿನ್ನುವ ಕಿತ್ತಳೆ ಹಸಿರು. ಅಲ್ಲಿ ಯಾರೂ ಅದನ್ನು ಕಾಯಿ ಅನ್ನುವುದಿಲ್ಲ.

ಕೊಡಗಿನಲ್ಲಿ ಎರಡು ಬೆಳೆ. ದೊಡ್ಡ ಬೆಳೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ, ಸಣ್ಣದು ಮಳೆಗಾಲದಲ್ಲಿ. ಡಿಸೆಂಬರ್-ಜನವರಿಯ ಚಳಿ ಕಂಡ ಹಣ್ಣು ಹಳದಿ-ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಜೂನ್-ಜುಲೈ ಹಣ್ಣಿಗೆ ಆ ಭಾಗ್ಯ ಇಲ್ಲ. ಒಂದೇ ಮರ, ಒಂದೇ ಬೇರು, ಎರಡು ಬಣ್ಣ. ಪೂರ್ತಿ ಬಣ್ಣ ಬಂದ ವೇಲೆನ್ಸಿಯಾ ಕೂಡ ಮರದಲ್ಲೇ ಉಳಿದು ಬೆಚ್ಚಗಿನ ದಿನ ಬಂದರೆ ಮತ್ತೆ ಹಸಿರಾಗುತ್ತದೆ. ಒಳಗೆ ಸಿಹಿ ಹೆಚ್ಚುತ್ತಾ ಇರುವಾಗಲೇ ಹೊರಗೆ ಹಸಿರು ಮರಳುತ್ತದೆ! ಬಣ್ಣ ನೋಡಿ ಹಣ್ಣು ಆರಿಸುವವರಿಗೆ ಇದಕ್ಕಿಂತ ದೊಡ್ಡ ಗೇಲಿ ಬೇಕಾ?

ಹಾಗಾದರೆ ಅಂಗಡಿಯಲ್ಲಿ ಅಷ್ಟು ಸಮಾನ ಬಣ್ಣ ಹೇಗೆ? ಬಹಳ ಕಡೆ ಕೊಯ್ದ ಹಣ್ಣನ್ನು ಮುಚ್ಚಿದ ಕೋಣೆಯಲ್ಲಿಟ್ಟು ಎಥಿಲೀನ್ ಅನಿಲ ಬಿಡುತ್ತಾರೆ. ಬಹಳ ಕಡಿಮೆ, ಹತ್ತು ಲಕ್ಷಕ್ಕೆ ಐದು ಪಾಲಿನಷ್ಟು ಸಾಕು. ಹಸಿರು ಹೋಗುತ್ತದೆ, ಅಷ್ಟೆ. ಒಳಗೆ ಸಿಹಿ ಒಂದು ಚೂರೂ ಏರುವುದಿಲ್ಲ. ಬಾಳೆ, ಮಾವು ಕೊಯ್ದ ಮೇಲೂ ಮಾಗುತ್ತವೆ. ಅವುಗಳ ಒಳಗೆ ಪಿಷ್ಟ ಇದೆ, ಅದು ಸಕ್ಕರೆಯಾಗುತ್ತದೆ. ಕಿತ್ತಳೆಯಲ್ಲಿ ಅಂಥ ದಾಸ್ತಾನು ಇಲ್ಲ. ಮರದಿಂದ ಕಿತ್ತ ದಿನ ಎಷ್ಟು ಸಿಹಿ ಇತ್ತೋ ಅಷ್ಟೇ. ಹುಳಿ ಮಾತ್ರ ನಿಧಾನಕ್ಕೆ ಇಳಿಯಬಹುದು. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ಕಾಯುವವರು ಸುಮ್ನೆ ಕಾಯುತ್ತಾರೆ.

ಅಂತರರಾಷ್ಟ್ರೀಯ ಆಹಾರ ನಿಯಮಾವಳಿ ಕೋಡೆಕ್ಸ್ ಈ ವಿಷಯದಲ್ಲಿ ನಮ್ಮ ಗಿರಾಕಿಗಳಿಗಿಂತ ಉದಾರ. 2004ರಲ್ಲಿ ಮಾಡಿದ ಕಿತ್ತಳೆಯ ಮಾನದಂಡದಲ್ಲಿ ಕನಿಷ್ಠ ರಸ ಎಷ್ಟಿರಬೇಕು ಅಂತ ತಳಿವಾರು ಹೇಳಿದ್ದಾರೆ. ನೇವಲ್‌ಗೆ ತೂಕದ ಶೇ 33, ಬ್ಲಡ್ ಆರೆಂಜ್‌ಗೆ ಶೇ 30, ಉಳಿದವಕ್ಕೆ ಶೇ 35. ಮೂಸಂಬಿ, ಸಾತ್ಗುಡಿಗಳ ಹೆಸರನ್ನೇ ಎತ್ತಿ, ಐದನೇ ಒಂದು ಪಾಲಿಗಿಂತ ಜಾಸ್ತಿ ಹಸಿರಿದ್ದರೂ ಶೇ 33 ರಸ ಇದ್ದರೆ ಸಾಕು ಅನ್ನುತ್ತದೆ. ಬೇರೆ ತಳಿ ಅಷ್ಟು ಹಸಿರಿದ್ದರೆ ಶೇ 45 ರಸ ಕೇಳುತ್ತದೆ. ಅಂದರೆ ಹಸಿರಿದ್ದರೂ ಪರವಾಗಿಲ್ಲ, ರಸ ತೋರಿಸು ಅನ್ನುವ ಲೆಕ್ಕ. ನ್ಯಾಯವಾಗಿಯೇ ಇದೆ.

ಸಿಹಿ ಮತ್ತು ಹುಳಿಯ ಲೆಕ್ಕ

ಹಣ್ಣಿನ ವ್ಯಾಪಾರದಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಸಿಹಿ ಇದೆಯಾ?" ಪ್ರಶ್ನೆಯೇ ಅರ್ಧ.

ರಸದಲ್ಲಿ ಕರಗಿದ ಸಕ್ಕರೆ ಮತ್ತಿತರ ಅಂಶವನ್ನು ಬ್ರಿಕ್ಸ್ ಅಂತ ಅಳೆಯುತ್ತಾರೆ. ರಿಫ್ರಾಕ್ಟೋಮೀಟರ್ ಅನ್ನುವ ಸಣ್ಣ ದುರ್ಬೀನಿನಂಥ ಉಪಕರಣದ ಗಾಜಿನ ಮೇಲೆ ಒಂದು ಹನಿ ರಸ ಹಾಕಿ ಬೆಳಕಿಗೆ ಹಿಡಿದರೆ ಸಂಖ್ಯೆ ಕಾಣುತ್ತದೆ. ಹುಳಿಯನ್ನು ಶೇಕಡಾ ಆಮ್ಲ ಅಂತ ಬೇರೆ ಅಳೆಯುತ್ತಾರೆ. ಒಳ್ಳೆ ಸಿಹಿ ಕಿತ್ತಳೆಯಲ್ಲಿ ಬ್ರಿಕ್ಸ್ ಸಾಮಾನ್ಯವಾಗಿ 10ರಿಂದ 13, ಆಮ್ಲ ಶೇ 1ರ ಆಸುಪಾಸು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವ ಅನುಪಾತವೇ ದಶಕಗಳ ಕಾಲ ಹಣ್ಣು ಕೊಯ್ಯಲು ಅಳತೆಗೋಲಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ನೇವಲ್‌ಗೆ ಕನಿಷ್ಠ 8 ಇರಬೇಕಿತ್ತು.

ಈ ಅನುಪಾತದ ಜೊತೆ ಒಂದು ತಮಾಷೆ ಮಾಡಿ ನೋಡಿ. ಒಂದು ಹಣ್ಣಿನಲ್ಲಿ ಬ್ರಿಕ್ಸ್ 8, ಆಮ್ಲ ಶೇ 1. ಇನ್ನೊಂದರಲ್ಲಿ ಬ್ರಿಕ್ಸ್ 12, ಆಮ್ಲ ಶೇ 1.5. ಎರಡಕ್ಕೂ ಅನುಪಾತ 8. ಕಾಗದದ ಮೇಲೆ ಎರಡೂ ಪಾಸು. ಬಾಯಿಗೆ ಹಾಕಿದರೆ ಮೊದಲನೆಯದು ನೀರು ನೀರು. ಎರಡನೆಯದು ಕೆನ್ನೆ ಜುಮ್ಮೆನ್ನಿಸಿ ಆಮೇಲೆ ಸಿಹಿ ಬಿಡುವ ಹಣ್ಣು. ಇದು ಹಳೆಯ ಅಳತೆಯ ದೋಷ. ಇದನ್ನು ಸರಿ ಮಾಡಲು ಕ್ಯಾಲಿಫೋರ್ನಿಯಾದವರು ಈಚಿನ ವರ್ಷಗಳಲ್ಲಿ ಬೇರೆ ಸೂತ್ರಕ್ಕೆ ಬಂದರು. ಬ್ರಿಕ್ಸ್‌ನಿಂದ ಆಮ್ಲದ 4 ಪಟ್ಟನ್ನು ಕಳೆದು 16.5ರಿಂದ ಗುಣಿಸಿ, 90ಕ್ಕಿಂತ ಕಡಿಮೆ ಬರಬಾರದು. 4 ಪಟ್ಟು ಏಕೆಂದರೆ ನಾಲಿಗೆಗೆ ಹುಳಿ ಸಕ್ಕರೆಗಿಂತ ಎಷ್ಟೋ ಪಟ್ಟು ಜೋರಾಗಿ ತಟ್ಟುತ್ತದೆ. ಈಗ ಅದೇ ಎರಡು ಹಣ್ಣು ಹಾಕಿ ನೋಡಿ. ಮೊದಲನೆಯದಕ್ಕೆ 66, ಫೇಲು. ಎರಡನೆಯದಕ್ಕೆ 99, ಪಾಸು. ಬಾಯಿ ಹೇಳಿದ್ದೇ ಲೆಕ್ಕವೂ ಹೇಳಿತು.

ಈ ಲೆಕ್ಕ ಕೊಡಗಿಗೆ ಯಾಕೆ ಮುಖ್ಯ? ಬಿಸಿ ಬಯಲು ಸೀಮೆಯಲ್ಲಿ ಬೆಳೆದ ಹಣ್ಣಿನಲ್ಲಿ ಹುಳಿ ಬೇಗ ಸುಟ್ಟುಹೋಗುತ್ತದೆ. ರಾತ್ರಿಯೂ ಬಿಸಿ ಇದ್ದರೆ ಇನ್ನೂ ಬೇಗ. ಸಿಹಿ ಉಳಿಯುತ್ತದೆ, ಆದರೆ ಸಪ್ಪೆ ಸಿಹಿ. ತಂಪು ಬೆಟ್ಟದಲ್ಲಿ ಹುಳಿ ಉಳಿದುಕೊಳ್ಳುತ್ತದೆ. ಕೊಡಗಿನ ಕಿತ್ತಳೆಯ ಹುಳಿ-ಸಿಹಿ ಈ ಹವೆಯ ಕೊಡುಗೆ. ಅದನ್ನು ದೋಷ ಅಂತ ನಾವೇ ನಾಚಿಕೊಂಡು, 'ಸಿಹಿ ಇದೆ, ತಗೊಳ್ಳಿ' ಅಂತ ಸುಳ್ಳು ಹೇಳಿ ಮಾರುವುದು ನನಗೆ ಸರಿ ಕಾಣುವುದಿಲ್ಲ. ಬರೀ ಸಿಹಿಯ ಪಂದ್ಯಕ್ಕೆ ಇಳಿದರೆ ಮೂಸಂಬಿಯೇ ಗೆಲ್ಲುತ್ತದೆ. ಆ ಪಂದ್ಯಕ್ಕೆ ನಾವು ಹೋಗಬೇಕಾದ್ದೇ ಇಲ್ಲ.

ಹಾಗಂತ ನಮ್ಮ ಹಣ್ಣೆಲ್ಲ ಅಮೃತ ಅಂತಲೂ ಅಲ್ಲ. ಕಾಫಿ ತೋಟದ ನೆರಳಿನಲ್ಲಿ ಬೆಳೆಯುವ ಮರ ಇದು. ಸಿಲ್ವರ್ ಓಕ್ ಎತ್ತರಕ್ಕೆ ಬೆಳೆದು, ಮೇಲೆ ಮೆಣಸಿನ ಬಳ್ಳಿ ಹಬ್ಬಿ, ಕೆಳಗೆ ಕಿತ್ತಳೆಗೆ ಬಿಸಿಲು ಬೀಳದಿದ್ದರೆ ಎಲೆ ಸಕ್ಕರೆ ಮಾಡುವುದು ಹೇಗೆ? ಒಂದೇ ಮರದಲ್ಲಿ ಹೊರಗಿನ, ಬಿಸಿಲಿಗೆ ಬಿದ್ದ ಕೊಂಬೆಯ ಹಣ್ಣು ಒಳಗಿನ ನೆರಳಿನ ಹಣ್ಣಿಗಿಂತ ಸಿಹಿ. ಕೊಯ್ಯುವವರು ಏಣಿ ಇಟ್ಟು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಮಳೆಗಾಲದ ಹಣ್ಣಿಗೆ ಬಿಸಿಲೂ ಕಡಿಮೆ, ನೀರೂ ಜಾಸ್ತಿ. ಅದು ತೆಳ್ಳಗಾಗುವುದು ಸಹಜ. ಬೆಲೆ ಇದೆ ಅಂತ ಒಂದು ತಿಂಗಳು ಮೊದಲೇ ಕೊಯ್ದು ಕಳಿಸಿದರಂತೂ ಗಿರಾಕಿ ಒಮ್ಮೆ ಮುಖ ಸಿಂಡರಿಸಿ ಮರೆತೇ ಬಿಡುತ್ತಾನೆ. ಈ ತಪ್ಪು ನಮ್ಮ ಮನೆಯಲ್ಲೂ ಆಗಿದೆ. ಒಂದು ವರ್ಷ ಲಾರಿ ಬಂದು ನಿಂತಿದೆ ಅನ್ನುವ ಆತುರಕ್ಕೆ ಕಾಯಿಯನ್ನೇ ಕೊಯ್ದೆವು. ಆ ಹಣ್ಣು ತಿಂದ ಪರಿಚಯದವರು ಇವತ್ತಿಗೂ ನೆನಪಿಸುತ್ತಾರೆ.

ಶಿವರಾತ್ರಿಯ ದಿನ ಐದು ತಟ್ಟೆ

ಆ ಜುಲೈ ಮಾತು ತಲೆಯಲ್ಲೇ ಇತ್ತು. ಮುಂದಿನ ಶಿವರಾತ್ರಿ ರಜೆಗೆ ಹುಡುಗ ಬಂದಾಗ ಒಂದು ಆಟ ಕಟ್ಟಿದೆ. ಆ ಸಮಯಕ್ಕೆ ಎಲ್ಲ ಬಗೆಯೂ ಸಿಗುತ್ತವೆ. ನಮ್ಮ ತೋಟದ ಕಿತ್ತಳೆ, ನಾಗಪುರದ್ದು, ಕಿನ್ನೋ, ಸಾತ್ಗುಡಿ, ಈಜಿಪ್ಟಿನ ವೇಲೆನ್ಸಿಯಾ. ಎಲ್ಲವನ್ನೂ ಹಿಂದಿನ ರಾತ್ರಿ ಫ್ರಿಜ್‌ನಿಂದ ಹೊರಗಿಟ್ಟೆ. ತಣ್ಣಗಿನ ಹಣ್ಣಿನಲ್ಲಿ ವಾಸನೆ ಮೇಲೇಳುವುದಿಲ್ಲ. ತೊಳೆ ಬಿಡಿಸಿ, ಬೀಜ ತೆಗೆದು, ಐದು ತಟ್ಟೆ. ತಿನ್ನುವವರ ಕಣ್ಣಿಗೆ ಟವೆಲ್ಲು.

ಮೊದಲು ಕಣ್ಣು ಬಿಟ್ಟೇ ತಟ್ಟೆ ಆರಿಸು ಅಂದೆ. ಹುಡುಗ ವೇಲೆನ್ಸಿಯಾ ತೋರಿಸಿದ. ಕಣ್ಣು ಕಟ್ಟಿದ ಮೇಲೆ ಅದೇ ವೇಲೆನ್ಸಿಯಾಕ್ಕೆ, "ಇದು ಜ್ಯೂಸ್ ಪ್ಯಾಕೆಟ್ ಥರ ಇದೆ, ಚೆನ್ನಾಗಿದೆ, ಆದ್ರೆ ತೊಳೆ ಸಿಪ್ಪೆ ಗಟ್ಟಿ" ಅಂದ. ಹೇಳಿದ್ದು ಸರಿಯೇ. ಪ್ರಪಂಚದ ಕಿತ್ತಳೆ ರಸದ ಕಾರ್ಖಾನೆಗಳು ನೆಚ್ಚಿಕೊಂಡಿರುವ ತಳಿ ಅದು. ನಾವು 'ಆರೆಂಜ್ ವಾಸನೆ' ಅಂತ ತಲೆಯಲ್ಲಿ ಇಟ್ಟುಕೊಂಡಿರುವುದು ಬಹುಪಾಲು ಅದರದ್ದೇ. ಸಾತ್ಗುಡಿಗೆ, "ಸಿಹಿ, ಬೇರೇನೂ ಇಲ್ಲ." ಕಿನ್ನೋಗೆ ಒಳ್ಳೆ ಅಂಕ ಕೊಟ್ಟ. ಬೀಜ ನಾನೇ ತೆಗೆದಿದ್ದರಿಂದ ಅದಕ್ಕೆ ಅನುಕೂಲವಾಯಿತು ಅಂತ ನನ್ನ ಅನುಮಾನ. ಕಿನ್ನೋದಲ್ಲಿ ಬೀಜದ್ದೇ ಕಾಟ.

ನಮ್ಮ ಹಣ್ಣನ್ನು ಅವನು ಎರಡನೇ ಸ್ಥಾನದಲ್ಲಿಟ್ಟ. ನನಗೆ ಅಷ್ಟು ಸಾಕಿತ್ತು. ಆದರೆ ಅಮ್ಮ ಕೈ ಕೊಟ್ಟರು. ಎಂಬತ್ತು ವರ್ಷ ಇದೇ ಕಿತ್ತಳೆ ತಿಂದವರು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಎರಡು ತೊಳೆ ತಿಂದು, "ಇದೇ ನಮ್ದು, ಬೇರೆ ಹೇಳ್ಬೇಡ" ಅಂದರು. ಅದು ನಾಗಪುರದ್ದು. ಮನೆಯವರೆಲ್ಲ ನಕ್ಕರು. ಆಮೇಲೆ ಸಿಪ್ಪೆ ಕೊಟ್ಟೆ. ಒಂದೊಂದನ್ನು ಹಿಸುಕಿ ಮೂಗಿಗೆ ಹಿಡಿದವರು ಈ ಸಲ ತಪ್ಪಲಿಲ್ಲ. ನಮ್ಮ ಮರದ ಸಿಪ್ಪೆಯನ್ನು ಕೈಯಲ್ಲೇ ಇಟ್ಟುಕೊಂಡರು.

ಸಿಪ್ಪೆಯ ಎಣ್ಣೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಲಿಮೋನೀನ್ ಅನ್ನುವ ವಸ್ತು. ಅದು ಎಲ್ಲ ಕಿತ್ತಳೆಗೂ ಹೆಚ್ಚುಕಡಿಮೆ ಸಮಾನ. ಗುರುತು ಕೊಡುವುದು ಉಳಿದ ಆ ಸಣ್ಣ ಪಾಲು. ಸಿಹಿ ಕಿತ್ತಳೆಯಲ್ಲಿ ಆಕ್ಟನಾಲ್, ಡೆಕನಾಲ್‌ನಂಥ ಹಗುರ ವಸ್ತುಗಳು. ವೇಲೆನ್ಸಿಯಾದ ಹೆಸರನ್ನೇ ಹೊತ್ತ ವೇಲೆನ್ಸೀನ್ ಅಂತಲೂ ಒಂದಿದೆ. ರಸದಲ್ಲಿ ಹಣ್ಣಿನ ಘಮ ಕೊಡುವ ಎಸ್ಟರುಗಳು ಬೇರೆ. ಮ್ಯಾಂಡರಿನ್ ಎಣ್ಣೆಯಲ್ಲಿ ಒಂದಿಷ್ಟು ಥೈಮಾಲ್ ಇರುತ್ತದೆ. ಓಮದ ಕಾಳಿಗೆ ವಾಸನೆ ಕೊಡುವ ಅದೇ ಥೈಮಾಲ್. ನಮ್ಮ ಸಿಪ್ಪೆ ಹಿಸುಕಿದಾಗ ಮೂಗಿನ ಮೇಲ್ಗಡೆ ಚುರುಕ್ಕೆನ್ನುವ ಮಸಾಲೆ ಘಾಟು ಬರುತ್ತದಲ್ಲ, ಮ್ಯಾಂಡರಿನ್‌ಗೆ ಆ ಗುಣ ಬರುವುದು ಇಂಥವುಗಳಿಂದ. ಮೇಣ ಹಚ್ಚಿ, ತೊಳೆದು, ತಿಂಗಳುಗಟ್ಟಲೆ ತಣ್ಣಗಿಟ್ಟ ಹಣ್ಣಿನಲ್ಲಿ ಇದನ್ನು ಹುಡುಕಬೇಡಿ.

ಮೇಣದ ಬಗ್ಗೆ ಒಂದು ಮಾತು. ಹೊಳಪಿಗೆ, ನೀರು ಆರದಂತೆ ತಡೆಯಲು ಹಣ್ಣಿಗೆ ತೆಳ್ಳನೆ ಮೇಣ ಬಳಿಯುತ್ತಾರೆ. ತಿನ್ನಲು ಅದರಿಂದ ಅಪಾಯ ಇಲ್ಲ. ಆದರೆ ಹಣ್ಣು ಕೊಯ್ದ ಮೇಲೂ ಉಸಿರಾಡುತ್ತಿರುತ್ತದೆ. ಮೇಣ ದಪ್ಪವಾದರೆ ಒಳಗೆ ಗಾಳಿ ಸಾಲದೆ ಮದ್ಯಸಾರ, ಅಸಿಟಾಲ್ಡಿಹೈಡ್ ಕೂಡಿಕೊಳ್ಳುತ್ತವೆ. ಹಳೆಯ ಆರೆಂಜ್ ತಿಂದಾಗ ಬರುವ ಹುದುಗಿದ ವಾಸನೆ ಅದೇ. ಗಟ್ಟಿ ಸಿಪ್ಪೆಯ ಸಿಹಿ ಕಿತ್ತಳೆ ಇದನ್ನು ಸ್ವಲ್ಪ ತಡೆದುಕೊಳ್ಳುತ್ತದೆ, ಮ್ಯಾಂಡರಿನ್ ಬೇಗ ಕೆಡುತ್ತದೆ. ಹಾಗಾಗಿಯೇ ಹಡಗಿನ ಪ್ರಯಾಣಕ್ಕೆ ವೇಲೆನ್ಸಿಯಾ ಸರಿಹೊಂದಿತು. ದೂರ ಹೋಗುವ ಹಣ್ಣು ಮತ್ತು ರುಚಿಯ ಹಣ್ಣು ಯಾವಾಗಲೂ ಒಂದೇ ಆಗಿರಬೇಕಿಲ್ಲ.

ಕಹಿಯ ವಿಷಯ ಇನ್ನೂ ಮಜವಾಗಿದೆ. ನೇವಲ್ ಹಣ್ಣು ತಿನ್ನಲು ಅದ್ಭುತ. ಬೀಜ ಇಲ್ಲ, ಸುಲಿಯುವುದು ಸುಲಭ, ಬುಡದಲ್ಲಿ ಹೊಕ್ಕುಳಂಥ ಮರಿಹಣ್ಣು. ಬ್ರೆಜಿಲಿನಿಂದ ಬಂದ ಎರಡು ಗಿಡ 1873ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಬೇರೂರಿ ಅಲ್ಲಿಯ ಉದ್ಯಮವನ್ನೇ ಕಟ್ಟಿದವು. ಅದರಲ್ಲಿ ಒಂದು ಮರ ಇನ್ನೂ ನಿಂತಿದೆ. ಆದರೆ ನೇವಲ್ ಹಿಂಡಿ ರಸ ಇಟ್ಟರೆ ಕೆಲವು ಗಂಟೆಯಲ್ಲಿ ಕಹಿಯಾಗುತ್ತದೆ. ಹಣ್ಣಿನಲ್ಲಿ ಕಹಿ ಇರಲಿಲ್ಲ, ಲೋಟದಲ್ಲಿ ಹುಟ್ಟಿತು. ತೊಳೆಯಲ್ಲಿ ಕಹಿಯಿಲ್ಲದ ಒಂದು ಮೂಲವಸ್ತು ಇರುತ್ತದೆ. ಹಿಂಡಿದಾಗ ಅದು ಆಮ್ಲಕ್ಕೆ ಸಿಕ್ಕಿ ನಿಧಾನಕ್ಕೆ ಲಿಮೋನಿನ್ ಅನ್ನುವ ಕಹಿಯಾಗಿ ತಿರುಗುತ್ತದೆ. ಹೆಸರು ಲಿಮೋನೀನ್ ಥರ ಕೇಳಿದರೂ ವಸ್ತು ಬೇರೆ. ಬೆಳಿಗ್ಗೆ ಹಿಂಡಿ ಟಿಫಿನ್ ಬಾಟಲಿಗೆ ತುಂಬಿಸಿ ಮಧ್ಯಾಹ್ನ ಕುಡಿದು ಅಂಗಡಿಯವನನ್ನು ಬೈಯುವವರಿಗೆ ಇದು ಗೊತ್ತಿರಲಿ. ಕಹಿ ಎಂದ ಕೂಡಲೇ ದೂರ ಎಸೆಯಬೇಕಾದ್ದೂ ಇಲ್ಲ. ಕೊಡಗಿನ ಅಡುಗೆಮನೆಯಲ್ಲಿ ಕೈಪುಳಿ ಇದೆಯಲ್ಲ, ಹೆಸರಲ್ಲೇ ಕಹಿ-ಹುಳಿ ಎರಡನ್ನೂ ಹೊತ್ತ ಹಣ್ಣು. ಬೆಲ್ಲ, ಖಾರದ ಜೊತೆ ಅದನ್ನು ಚಪ್ಪರಿಸುವ ನಾಲಿಗೆ ನಮ್ಮದು.

ಮರವೇ ಇಲ್ಲದಿದ್ದರೆ ರುಚಿಯ ಮಾತೇಕೆ

ಕೊಡಗಿನ ಕಿತ್ತಳೆಗೆ 2005-06ರ ಸಾಲಿನಲ್ಲೇ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ನಾಗಪುರದ ಹಣ್ಣಿಗೆ ಸಿಕ್ಕಿದ್ದು ಅದಕ್ಕಿಂತ ಎಷ್ಟೋ ವರ್ಷ ಆಮೇಲೆ. ಹೆಸರು ಮೊದಲು ನಮಗೆ ಬಂತು, ಹಣ್ಣು ಮೊದಲು ನಮ್ಮಲ್ಲಿ ಹೋಯಿತು. ಒಂದು ಕಾಲಕ್ಕೆ ತೋಟದ ಕೂಲಿ ಖರ್ಚು ಕಿತ್ತಳೆಯಲ್ಲೇ ಹೊರಡುತ್ತಿತ್ತು ಅಂತ ಹಿರಿಯರು ಹೇಳುವುದನ್ನು ಕೇಳಿ ಬೆಳೆದವಳು ನಾನು. ಈಗ ಅದೇ ತೋಟಗಳಲ್ಲಿ ಮರ ಎಣಿಸಿದರೆ ಬೆರಳು ಸಾಕು.

ಕಾರಣ ಒಂದಲ್ಲ. ಸಿಲ್ಲಾ ಅನ್ನುವ ಅಕ್ಕಿಕಾಳಿಗಿಂತ ಸಣ್ಣ ಹಾರುವ ಕೀಟ ಹರಡುವ ಗ್ರೀನಿಂಗ್ ರೋಗ, ಗಿಡಹೇನು ಹರಡುವ ಟ್ರಿಸ್ಟೆಜಾ ನಂಜುರೋಗ, ನೀರು ನಿಂತ ಬೇರಿಗೆ ಫೈಟಾಫ್ತೊರಾ ಕೊಳೆ, ಕಾಂಡ ಕೊರೆಯುವ ಹುಳು, ರಾತ್ರಿ ಬಂದು ಹಣ್ಣಿಗೆ ಸೊಂಡಿಲು ಚುಚ್ಚಿ ರಸ ಹೀರುವ ಪತಂಗ. ಇವುಗಳಲ್ಲಿ ರುಚಿಗೆ ನೇರ ಏಟು ಕೊಡುವುದು ಗ್ರೀನಿಂಗ್. ರೋಗ ತಗಲಿದ ಮರದ ಹಣ್ಣು ಸಣ್ಣದಾಗಿ ಸೊಟ್ಟಗಾಗುತ್ತದೆ. ಬಣ್ಣ ತಲೆಕೆಳಗು, ತೊಟ್ಟಿನ ಕಡೆ ಹಳದಿ, ಬುಡ ಹಸಿರು. ಬೀಜ ಕಪ್ಪಾಗಿ ಜೊಳ್ಳು. ರಸ ಹುಳಿ, ಜೊತೆಗೆ ಕಹಿ. ಎಲೆ ಮಾಡಿದ ಸಕ್ಕರೆ ಸಾಗುವ ನಾಳಗಳನ್ನೇ ರೋಗ ಕಟ್ಟಿಬಿಡುವುದರಿಂದ ಹಣ್ಣಿಗೆ ಸಿಹಿ ತಲುಪುವುದಿಲ್ಲ. ಜುಲೈನ ಆರೋಗ್ಯದ ಹಸಿರು ಬೇರೆ, ಈ ಹಸಿರು ಬೇರೆ. ದುರದೃಷ್ಟಕ್ಕೆ ರಸ್ತೆ ಬದಿಯ ರಾಶಿಯಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ಒಂದನ್ನು ತಿಂದು ಇನ್ನೊಂದನ್ನು ಬೈಯುತ್ತೇವೆ.

ಇದು ನಮ್ಮದೊಂದೇ ಗೋಳಲ್ಲ. ಅಮೆರಿಕದ ಫ್ಲಾರಿಡಾ 1997-98ರಲ್ಲಿ 24 ಕೋಟಿಗೂ ಮೀರಿ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು. 2005ರಲ್ಲಿ ಅಲ್ಲಿ ಗ್ರೀನಿಂಗ್ ಕಂಡಿತು. ಚಂಡಮಾರುತಗಳೂ ಕೈಜೋಡಿಸಿದವು. 2024-25ರ ಹೊತ್ತಿಗೆ ಬೆಳೆ ಸುಮಾರು 1.2 ಕೋಟಿ ಪೆಟ್ಟಿಗೆಗೆ ಇಳಿಯಿತು. ಅಷ್ಟು ಹಣ, ಅಷ್ಟು ವಿಶ್ವವಿದ್ಯಾಲಯ ಇದ್ದವರ ಪಾಡೇ ಹೀಗೆ.

ಹಾಗಾದರೆ ಕೊಡಗಿನಲ್ಲಿ ವೇಲೆನ್ಸಿಯಾ, ಸಾತ್ಗುಡಿ ಹಾಕಿದರೆ ಹೇಗೆ ಅಂತ ಕೇಳುವವರಿದ್ದಾರೆ. ನನ್ನ ಉತ್ತರ ಬೇಡ ಅಂತಲೇ. ಸಾತ್ಗುಡಿ ಬೆಳೆಯುವ ರಾಯಲಸೀಮೆ ಒಣ ಸೀಮೆ. ಅಲ್ಲಿ ವರ್ಷವಿಡೀ ಬೀಳುವ ಮಳೆ ಮಡಿಕೇರಿಯಲ್ಲಿ ಒಂದು ಜುಲೈ ತಿಂಗಳಿಗೂ ಸಾಲದು. ಬೇರು ಕೊಳೆಯುವ ರೋಗಕ್ಕೆ ನಾವೇ ಆಹ್ವಾನ ಕೊಟ್ಟ ಹಾಗೆ. ಗ್ರೀನಿಂಗ್ ಅಂತೂ ಸಿಹಿ ಕಿತ್ತಳೆಯನ್ನೂ ಬಿಡುವುದಿಲ್ಲ. ಅದರ ಬದಲು ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಂಥ ಕಡೆಯಿಂದ ರೋಗವಿಲ್ಲದ ಗಿಡ ತಂದು, ನಮ್ಮದೇ ಹಣ್ಣನ್ನು ನೆರಳು ಬಿಡಿಸಿದ ಜಾಗದಲ್ಲಿ ನೆಡುವುದು ಬುದ್ಧಿವಂತಿಕೆ. ನಮ್ಮ ಕಿತ್ತಳೆಗೆ ಒಂದು ವರವಿದೆ. ಒಂದೇ ಬೀಜದಿಂದ ಹಲವು ಮೊಳಕೆ ಬರುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿ ಮರದ ಪಡಿಯಚ್ಚು. ಅಂದರೆ ರುಚಿ ಕಳೆದುಹೋಗುವುದಿಲ್ಲ. ಆದರೆ ಬೀಜದ ಗಿಡ ಫಲಕ್ಕೆ ಬರಲು ಕಸಿ ಗಿಡಕ್ಕಿಂತ ಜಾಸ್ತಿ ವರ್ಷ ಕಾಯಬೇಕು. ಕಸಿ ಮಾಡುವುದಾದರೆ ಯಾವ ಬೇರಿನ ಮೇಲೆ ಅನ್ನುವುದು ರುಚಿಯನ್ನೂ ಬದಲಿಸುತ್ತದೆ. ಜಂಬೇರಿ ಅನ್ನುವ ಒರಟು ನಿಂಬೆಯ ಬೇರಿನ ಮೇಲೆ ಮರ ಹುರುಪಾಗಿ ಬೆಳೆಯುತ್ತದೆ, ಹಣ್ಣು ದೊಡ್ಡದು, ಸಿಪ್ಪೆ ದಪ್ಪ, ರಸ ತೆಳ್ಳಗೆ. ಬೇರೆ ಕೆಲವು ಬೇರುಗಳಲ್ಲಿ ಮರ ಸಣ್ಣದು, ರಸ ಗಟ್ಟಿ. ಕಿಲೋ ಲೆಕ್ಕದಲ್ಲಿ ಮಾರುವವನಿಗೆ ಮೊದಲನೆಯದೇ ಇಷ್ಟವಾಗುವುದು. ರುಚಿಗೆ ದುಡ್ಡು ಕೊಡುವ ಮಾರುಕಟ್ಟೆ ಇಲ್ಲದಿದ್ದರೆ ರೈತ ರುಚಿ ಯಾಕೆ ಬೆಳೆಯಬೇಕು?

ನನಗೆ ಸಿಟ್ಟು ಬರುವುದು ಇಲ್ಲೇ. ಹೆದ್ದಾರಿ ಬದಿಯಲ್ಲಿ 'ಕೂರ್ಗ್ ಆರೆಂಜ್' ಅಂತ ಬೋರ್ಡು ಹಾಕಿ ಮಾರುವ ಹಣ್ಣನ್ನು ಸುಲಿದರೆ ಎಷ್ಟೋ ಸಲ ಅದು ಬೇರೆ ಊರಿನದು. ಹೆಸರಿಗೆ ಕಾನೂನಿನ ರಕ್ಷಣೆ ಇದೆ. ರಸ್ತೆ ಬದಿಯಲ್ಲಿ ಕೇಳುವವರು ಯಾರು? ಅದಕ್ಕೆ ಬೋರ್ಡಿನ ಪಕ್ಕ ಕೊಯ್ದ ದಿನಾಂಕ ಮತ್ತು ಬ್ರಿಕ್ಸ್ ಬರೆದಿಟ್ಟರೆ ಸಾಕು ಅನ್ನಿಸುತ್ತದೆ. ಒಂದು ಹನಿ ರಸ, ಒಂದು ಸಣ್ಣ ಉಪಕರಣ. ಕಾಫಿಗೆ ಕಪ್ಪಿಂಗ್ ಅಂತ ರುಚಿ ಪರೀಕ್ಷೆ ಮಾಡಿ ಅಂಕ ಕೊಡುವ ಊರು ನಮ್ಮದು. ಅದೇ ತೋಟದ ಕಿತ್ತಳೆಗೆ ಇಷ್ಟೂ ಮಾಡಬಾರದಾ?

ಅಲ್ಲಿಯವರೆಗೆ ಕೈಯನ್ನೇ ನಂಬಬೇಕು. ಒಂದೇ ಗಾತ್ರದ ಎರಡು ಹಣ್ಣನ್ನು ಎರಡು ಕೈಯಲ್ಲಿ ಹಿಡಿದು ಭಾರದ್ದನ್ನು ಇಟ್ಟುಕೊಳ್ಳಿ. ಹಗುರವಾಗಿದ್ದರೆ ಒಳಗೆ ಬೆಂಡಾಗಿರುತ್ತದೆ, ರಸದ ಕಾಳು ಒಣಗಿ ಅಕ್ಕಿಯ ಹಾಗೆ. ತೀರಾ ದೊಡ್ಡದು ಬೇಡ. ಸಿಪ್ಪೆ ಒರಟಾಗಿ ದಪ್ಪಗಿದ್ದರೆ ಎಳೆ ಮರದ್ದು ಇರಬಹುದು. ಸಿಪ್ಪೆಗೂ ತೊಳೆಗೂ ನಡುವೆ ಗಾಳಿ ತುಂಬಿ ಬುಸ್ಸೆನ್ನುವ ಹಣ್ಣು ಮರದಲ್ಲಿ ಜಾಸ್ತಿ ದಿನ ಉಳಿದದ್ದು. ನಮ್ಮ ಕಿತ್ತಳೆಯ ಸಿಪ್ಪೆ ನಾಗಪುರದ್ದಕ್ಕಿಂತ ಸ್ವಲ್ಪ ಬಿಗಿ, ಹಾಗಾಗಿ ಇದು ಬೇಗ ಗೊತ್ತಾಗುತ್ತದೆ. ಉಗುರಿನಿಂದ ಮೆಲ್ಲಗೆ ಗೀರಿ ಮೂಸಿ. ರುಚಿ ನೋಡಲು ಕೊಟ್ಟರೆ ತೊಳೆಯ ಎರಡೂ ತುದಿ ಕಚ್ಚಿ ನೋಡಿ. ತೊಟ್ಟಿನ ತುದಿಗಿಂತ ಬುಡದ ತುದಿ ಸಿಹಿ. ಮೊದಲ ಕಚ್ಚಿಗೇ ತೀರ್ಪು ಕೊಡಬೇಡಿ.

ಕಳೆದ ಚಳಿಗಾಲದಲ್ಲಿ ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಒಬ್ಬ ಎರಡು ಗುಡ್ಡೆ ಹಾಕಿ ಕೂತಿದ್ದ. ಒಂದು ಪೂರ್ತಿ ಕಿತ್ತಳೆ ಬಣ್ಣ, ಇನ್ನೊಂದು ಹಸಿರು-ಹಳದಿ.

"ಇದು ಊರಿದ್ದಾ ಅಣ್ಣ?" ಅಂತ ಬಣ್ಣದ ಗುಡ್ಡೆ ತೋರಿಸಿದೆ.

ಅತ್ತಿತ್ತ ನೋಡಿ ಮೆಲ್ಲಗೆ ಹೇಳಿದ: "ನೀವು ಕೇಳಿದ್ರಿ ಅಂತ ಹೇಳ್ತೀನಿ ಅಕ್ಕ. ಅದು ಲಾರಿದು. ಈ ಹಸಿರು ನಮ್ಮ ಕಡೆದೇ, ನಿನ್ನೆ ಕೊಯ್ದದ್ದು."

"ಮತ್ತೆ ಇದನ್ನ ಮುಂದೆ ಇಡೋದಲ್ವಾ?"

"ಇಟ್ಟು ನೋಡ್ದೆ. ಕಾಯಿ ಅಂತ ಬೈದು ಹೋಗ್ತಾರೆ." ಒಂದು ಹಸಿರು ಹಣ್ಣು ಸುಲಿದು ಅರ್ಧ ನನ್ನ ಕೈಗೆ ಕೊಟ್ಟು, ಉಳಿದ ಅರ್ಧ ತಾನೇ ಬಾಯಿಗೆ ಹಾಕಿಕೊಂಡ. ಬೀಜವನ್ನು ಅಂಗೈಗೆ ಉಗಿದು, ಎಣಿಸಿ, ಜೇಬಿಗೆ ಹಾಕಿಕೊಂಡ.